ರಜತ ಮಹೋತ್ಸವಕ್ಕೆ ದುಡಿಮೆಯ ಭಾನುವಾರ: ಅಮೆರಿಕದ ಲೂಥರನ್ ಸಭೆಯ ಒಂದು ಪ್ರಕರಣ

2013ರ ಸೆಪ್ಟೆಂಬರ್ 8ರ ಭಾನುವಾರ ಅಮೆರಿಕದ ಅನೇಕ ಲೂಥರನ್ ಚರ್ಚುಗಳಲ್ಲಿ ಆರಾಧನೆ ಮುಗಿದ ಮೇಲೂ ಜನ ಮನೆಯ ದಾರಿ ಹಿಡಿಯಲಿಲ್ಲ. ಕೆಲವರು ಪಾರ್ಕು, ಬೀದಿ ಚೊಕ್ಕಟ ಮಾಡಲು ಹೊರಟರು. ಕೆಲವರು ಚರ್ಚಿನ ಸಭಾಂಗಣದಲ್ಲೇ ಮೇಜು ಜೋಡಿಸಿಕೊಂಡು ಮಕ್ಕಳ ಶಾಲಾ ಸಾಮಾನು ಚೀಲಕ್ಕೆ ತುಂಬಲು ನಿಂತರು. ಬಡವರಿಗೆ ದಿನಸಿ ಹಂಚುವ ಕೇಂದ್ರಗಳಲ್ಲಿ ಡಬ್ಬಿ ವಿಂಗಡಿಸಿದವರೂ ಇದ್ದರು. ಅವರ ಪಂಗಡಕ್ಕೆ ಅದು 25ನೇ ವರ್ಷ. ರಜತ ಮಹೋತ್ಸವದ ವರ್ಷದಲ್ಲಿ ಒಂದು ಭಾನುವಾರವನ್ನು ಅಕ್ಕಪಕ್ಕದವರ ಕೆಲಸಕ್ಕೆ ಮೀಸಲಿಡೋಣ ಎಂದು ಅವರು ಒಪ್ಪಿಕೊಂಡಿದ್ದರು. ದಿನಕ್ಕೆ ಇಟ್ಟ ಹೆಸರು ‘ದೇವರ ಕೆಲಸ, ನಮ್ಮ ಕೈಗಳು’.

ಹುಟ್ಟುಹಬ್ಬವನ್ನು ಸೇವೆಯಿಂದ ಆಚರಿಸುತ್ತೇವೆ ಎನ್ನುವ ಚರ್ಚ್ ಸಭೆಗಳು ಎಲ್ಲ ಕಡೆಯೂ ಇವೆ. ಆದರೆ ಬಹುತೇಕ ಕಡೆ ಅದು ಆ ವರ್ಷಕ್ಕೇ ಮುಗಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಹಬ್ಬ ಕಳೆದುಹೋಯಿತು, ದಿನ ಉಳಿಯಿತು. ಅದಕ್ಕೇ ಈ ಪ್ರಕರಣವನ್ನು ಬಿಡಿಸಿ ನೋಡಬೇಕೆನಿಸಿತು.

ಯಾರು ಇವರು, ಆಗ ಹೇಗಿದ್ದರು

ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕ, ಚುಟುಕಾಗಿ ಇಎಲ್‌ಸಿಎ, ಮೂರು ಲೂಥರನ್ ಪಂಗಡಗಳು ಒಂದಾಗಿ ಹುಟ್ಟಿದ್ದು. 1987ರಲ್ಲಿ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಸ್ಥಾಪನಾ ಸಮಾವೇಶ ನಡೆಯಿತು, 1988ರ ಜನವರಿ 1ರಿಂದ ಹೊಸ ಪಂಗಡ ಕೆಲಸ ಶುರುಮಾಡಿತು. ಹರ್ಬರ್ಟ್ ಚಿಲ್‌ಸ್ಟ್ರಾಮ್ ಮೊದಲ ಬಿಷಪ್. ಕೇಂದ್ರ ಕಚೇರಿ ಷಿಕಾಗೋದಲ್ಲಿ. ಕೆಳಗೆ 65 ಸಿನೊಡ್‌ಗಳು, ಅಂದರೆ ಪ್ರಾದೇಶಿಕ ಘಟಕಗಳು, ಅವುಗಳ ಕೆಳಗೆ ಸಾವಿರಾರು ಸ್ಥಳೀಯ ಸಭೆಗಳು.

ಹುಟ್ಟಿದಾಗ ಸದಸ್ಯರ ಸಂಖ್ಯೆ 52 ಲಕ್ಷ ದಾಟಿತ್ತು. 25 ವರ್ಷ ತುಂಬುವ ಹೊತ್ತಿಗೆ ಅದು 40 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಇಳಿತಕ್ಕೆ ಹಲವು ಕಾರಣ: ಹಳೆಯ ತಲೆಮಾರು ತೀರಿಕೊಳ್ಳುತ್ತಿತ್ತು, ಮಕ್ಕಳು ಚರ್ಚಿಗೆ ಬರುವುದು ಕಡಿಮೆಯಾಗಿತ್ತು. ಜೊತೆಗೆ 2009ರಲ್ಲಿ ಮಿನಿಯಾಪೊಲಿಸ್ ಮಹಾಸಭೆಯು, ಸಲಿಂಗ ಸಂಗಾತಿಯೊಂದಿಗೆ ಬದ್ಧ ಜೀವನ ನಡೆಸುವವರೂ ಸಭಾಪಾಲಕರು, ಅಂದರೆ ಪಾದ್ರಿಗಳು, ಆಗಬಹುದು ಎಂದು ತೀರ್ಮಾನಿಸಿದ ಮೇಲೆ ನೂರಾರು ಸಭೆಗಳು ಪಂಗಡ ಬಿಟ್ಟವು. ಬಿಟ್ಟುಹೋದವರಲ್ಲಿ ಕೆಲವರು ಸೇರಿ 2010ರಲ್ಲಿ ಬೇರೆ ಪಂಗಡವನ್ನೇ ಕಟ್ಟಿಕೊಂಡರು. ಒಂದೇ ಕುಟುಂಬದ ಅಣ್ಣ ಒಂದು ಚರ್ಚಿನಲ್ಲಿ, ತಮ್ಮ ಇನ್ನೊಂದರಲ್ಲಿ ಎನ್ನುವ ಪರಿಸ್ಥಿತಿ ತರಬಲ್ಲ ಒಡಕು ಅದು.

ಇಂಥ ಹೊತ್ತಿನಲ್ಲಿ ರಜತ ಮಹೋತ್ಸವ ಬಂದರೆ ಏನು ಮಾಡಬೇಕು? ಬೆಳೆದ ಸಭೆ ತನ್ನ ಬೆಳವಣಿಗೆಯ ಲೆಕ್ಕ ಒಪ್ಪಿಸಿ ಸಂಭ್ರಮಿಸಬಹುದು. ಕುಗ್ಗುತ್ತಿರುವ ಸಭೆಗೆ ಆ ದಾರಿ ಇಲ್ಲ. ದೊಡ್ಡ ಮೆರವಣಿಗೆ, ದಪ್ಪ ಸ್ಮರಣ ಸಂಚಿಕೆ, ಸಾಲು ಸನ್ಮಾನ ಮಾಡಿದ್ದರೆ ಬಿಟ್ಟುಹೋದವರ ಖಾಲಿ ಜಾಗವೇ ಎದ್ದು ಕಾಣುತ್ತಿತ್ತು. ಹುಟ್ಟುಹಬ್ಬದಂದು ತನ್ನ ಕಡೆ ನೋಡಿಕೊಳ್ಳದೆ ಹೊರಗೆ ನೋಡುವುದು ಆ ಗಳಿಗೆಗೆ ಹೊಂದುವ ಆಯ್ಕೆ ಎಂದು ನನಗೆ ಖಂಡಿತವಾಗಿ ಅನಿಸುತ್ತದೆ. ಜಗಳವಾಡಿ ದಣಿದ ಜನ ಮತ್ತೆ ಒಬ್ಬರ ಪಕ್ಕ ಒಬ್ಬರು ನಿಲ್ಲಲು ಮಾತಿಗಿಂತ ಕೆಲಸ ಸುಲಭದ ನೆಲ.

ಅದೇ ಆಗಸ್ಟ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಮಹಾಸಭೆಯಲ್ಲಿ ಎಲಿಜಬೆತ್ ಈಟನ್ ಅಧ್ಯಕ್ಷ ಬಿಷಪ್ ಆಗಿ ಚುನಾಯಿತರಾದರು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಆದರೆ ಸೇವಾ ಭಾನುವಾರದಂದು ಇನ್ನೂ ಅಧಿಕಾರದಲ್ಲಿದ್ದವರು 2001ರಿಂದ ಮುನ್ನಡೆಸಿದ್ದ ಮಾರ್ಕ್ ಹ್ಯಾನ್ಸನ್. 19.8 ಕೋಟಿ ಡಾಲರ್ ಗುರಿಯ ಐದು ವರ್ಷದ ನಿಧಿ ಸಂಗ್ರಹಕ್ಕೂ ಅದೇ ಮಹಾಸಭೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿವು ನೀಗಿಸುವ ಕೆಲಸಕ್ಕೆ, 1.5 ಕೋಟಿ ಡಾಲರ್ ಮಲೇರಿಯ ತಡೆಗೆ. ಹಣದ ಕೆಲಸ ಒಂದು ಕಡೆ, ಕೈಯ ಕೆಲಸ ಇನ್ನೊಂದು ಕಡೆ, ಎರಡೂ ಒಂದೇ ವರ್ಷದಲ್ಲಿ ಹೊರಟವು.

ಲೂಥರನ್ನರಿಗೆ ಸತ್ಕ್ರಿಯೆ ಎಂದರೆ

ಹೊರಗಿನಿಂದ ನೋಡುವವರಿಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಮನುಷ್ಯ ಸತ್ಕ್ರಿಯೆಯಿಂದಲ್ಲ, ನಂಬಿಕೆಯಿಂದ, ದೇವರ ಕೃಪೆಯಿಂದ ಮಾತ್ರ ದೇವರೆದುರು ನೀತಿವಂತನಾಗುತ್ತಾನೆ ಎಂದು ಸಾರಿದ್ದೇ ಹದಿನಾರನೇ ಶತಮಾನದ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್. ಅವರ ಹೆಸರಿನ ಪಂಗಡ ತನ್ನ ಹಬ್ಬವನ್ನು ಸತ್ಕ್ರಿಯೆಯಿಂದಲೇ ಆಚರಿಸುವುದು ಸರಿಯೇ?

ಲೂಥರ್ 1520ರಲ್ಲೇ ಇದಕ್ಕೆ ಉತ್ತರ ಬರೆದಿಟ್ಟಿದ್ದರು. ಕ್ರೈಸ್ತನು ಯಾರಿಗೂ ಅಧೀನನಲ್ಲದ ಸ್ವತಂತ್ರ, ಅದೇ ಹೊತ್ತಿಗೆ ಎಲ್ಲರ ಸೇವಕ ಎನ್ನುವುದು ಅವರ ವಾದದ ತಿರುಳು. ಪುಣ್ಯ ಸಂಪಾದಿಸುವ ಹೊರೆ ಹೆಗಲಿಂದ ಇಳಿದ ಮೇಲೆ ಎರಡು ಕೈಗಳೂ ಬಿಡುವಾಗುತ್ತವೆ. ದೇವರಿಗೆ ಅವು ಬೇಕಿಲ್ಲ, ನೆರೆಯವನಿಗೆ ಬೇಕು.

ಇದು ಪುಸ್ತಕದಲ್ಲೇ ಉಳಿಯಲಿಲ್ಲ. 1523ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಲೈಸ್ನಿಗ್ ಎಂಬ ಪುಟ್ಟ ಊರಿನವರು ಬಡವರಿಗಾಗಿ ಸಮುದಾಯ ಪೆಟ್ಟಿಗೆ ಇಡುವ ನಿಯಮಾವಳಿ ರಚಿಸಿದರು, ಲೂಥರ್ ಅದಕ್ಕೆ ಮುನ್ನುಡಿ ಬರೆದುಕೊಟ್ಟರು. ಉಸ್ತುವಾರಿಗೆ ಹತ್ತು ಮಂದಿ: ಸರದಾರರ ಕಡೆಯಿಂದ ಇಬ್ಬರು, ನಗರ ಸಭೆಯಿಂದ ಇಬ್ಬರು, ಪಟ್ಟಣಿಗರಲ್ಲಿ ಮೂವರು, ಸುತ್ತಲ ಹಳ್ಳಿಯ ರೈತರಲ್ಲಿ ಮೂವರು. ಪೆಟ್ಟಿಗೆಗೆ ನಾಲ್ಕು ಬೇರೆ ಬೇರೆ ಬೀಗ, ಒಂದೊಂದು ವರ್ಗದ ಬಳಿ ಒಂದೊಂದು ಬೀಗದ ಕೈ. ನಾಲ್ಕು ಕಡೆಯವರೂ ಬಂದು ನಿಲ್ಲದೆ ಮುಚ್ಚಳ ತೆರೆಯುವಂತಿರಲಿಲ್ಲ. ಬಡವನ ಪಾಲನ್ನು ಒಬ್ಬರ ದಯೆಗೆ ಬಿಡದೆ ಊರಿನ ವ್ಯವಸ್ಥೆಯಾಗಿ ಮಾಡಿದ ಈ ಏರ್ಪಾಡನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಈ ಪ್ರಕರಣವನ್ನು ತೂಗುವಾಗಲೂ ಇದೇ ನನ್ನ ಅಳತೆ.

ಅಮೆರಿಕದ ಲೂಥರನ್ನರಿಗೂ ಇಂಥ ಪರಂಪರೆ ಇದೆ. ಈಟನ್ ಆಯ್ಕೆಯಾದ ಅದೇ ಪಿಟ್ಸ್‌ಬರ್ಗ್‌ಗೆ 1849ರಲ್ಲಿ ವಿಲಿಯಂ ಪ್ಯಾಸವಂಟ್ ಎಂಬ ಲೂಥರನ್ ಸಭಾಪಾಲಕರು ಜರ್ಮನಿಯ ಕೈಸರ್ಸ್‌ವರ್ತ್‌ನಿಂದ ನಾಲ್ವರು ಸೇವಾ ಸೋದರಿಯರನ್ನು ಕರೆತಂದು ಆಸ್ಪತ್ರೆ ನಡೆಸಿದರು. ಅದಕ್ಕೂ ಮೊದಲೇ, 1842ರಲ್ಲಿ, ನಮ್ಮ ಪಕ್ಕದ ಗುಂಟೂರಿಗೆ ಬಂದಿಳಿದ ಫಾದರ್ ಹೇಯರ್ ಕೂಡ ಅಮೆರಿಕದ ಲೂಥರನ್ನರು ಕಳಿಸಿದವರೇ. ಅವರು ನಡುವೆ ಊರಿಗೆ ಮರಳಿದಾಗ ವೈದ್ಯಕೀಯ ಓದಿಕೊಂಡು ಮತ್ತೆ ಗುಂಟೂರಿಗೆ ಬಂದರು. ಎದುರಿಗಿದ್ದ ಜನರಿಗೆ ಏನು ಬೇಕೆಂದು ಕಂಡ ಮೇಲೆ ತನ್ನನ್ನೇ ಬದಲಿಸಿಕೊಂಡವರು ಅವರು.

ಕೇಂದ್ರ ಕೊಟ್ಟಿದ್ದು ಎಷ್ಟು, ಬಿಟ್ಟಿದ್ದು ಎಷ್ಟು

ಇಎಲ್‌ಸಿಎಯಲ್ಲಿ ಷಿಕಾಗೋದ ಕಚೇರಿ ಸ್ಥಳೀಯ ಸಭೆಗೆ ಅಪ್ಪಣೆ ಕೊಡುವ ರೀತಿಯ ವ್ಯವಸ್ಥೆ ಇಲ್ಲ. ಹಾಗಾಗಿ ಕೇಂದ್ರ ಕೊಟ್ಟಿದ್ದು ಒಂದು ತಾರೀಖು, ಒಂದು ಹೆಸರು, ಆರಾಧನೆಗೆ ಬೇಕಾದ ಪ್ರಾರ್ಥನೆ ಮತ್ತು ಸಾಮಗ್ರಿ, ಪ್ರಚಾರಕ್ಕೆ ಒಂದು ಗುರುತು. ಮಾಡುವ ಕೆಲಸ ಯಾವುದು, ಎಷ್ಟು ಹೊತ್ತು, ಯಾರ ಜೊತೆ ಎನ್ನುವುದು ಪೂರ್ತಿ ಸ್ಥಳೀಯರಿಗೆ ಬಿಟ್ಟಿದ್ದು.

ಈ ಯೋಜನೆ ಬೇರೂರಿ ಉಳಿದದ್ದೇ ಇದರಿಂದ. ಭಾನುವಾರ ನೂರು ಜನವೂ ಸೇರದ ಸಭೆಗಳು ಇಲ್ಲಿ ಬಹಳ. ‘ಪ್ರತಿ ಸಭೆಯೂ ಒಂದು ಮನೆ ಕಟ್ಟಿಕೊಡಬೇಕು’ ಎಂದಿದ್ದರೆ ಅವೆಲ್ಲ ಮೊದಲ ದಿನವೇ ಹಿಂದೆ ಸರಿಯುತ್ತಿದ್ದವು. ಕೆಲಸ ತಾವೇ ಆರಿಸಿಕೊಳ್ಳಬಹುದು ಎಂದಾಗ ಎಂಬತ್ತು ದಾಟಿದ ಅಜ್ಜಿ ಕೂತಲ್ಲೇ ಅಗ್ನಿಶಾಮಕ ಸಿಬ್ಬಂದಿಗೆ ಕೃತಜ್ಞತೆಯ ಕಾಗದ ಬರೆಯಬಹುದು, ಹರೆಯದವರು ಒಂಟಿಯಾಗಿರುವ ವೃದ್ಧರ ಮನೆಯ ಮೆಟ್ಟಿಲು ರಿಪೇರಿ ಮಾಡಬಹುದು.

ತಾರೀಖಿನ ಆಯ್ಕೆಯೂ ಹೊಂದಿಕೆಯಾಗಿತ್ತು. ಅಮೆರಿಕದಲ್ಲಿ ಸೆಪ್ಟೆಂಬರ್‌ನ ಮೊದಲ ಸೋಮವಾರ ಕಾರ್ಮಿಕ ದಿನ. ಅದರೊಂದಿಗೆ ಬೇಸಿಗೆಯ ರಜೆಯ ಗುಂಗು ಮುಗಿದು, ಮುಂದಿನ ಭಾನುವಾರ ಅನೇಕ ಚರ್ಚುಗಳಲ್ಲಿ ಸಂಡೇ ಸ್ಕೂಲು ಮತ್ತೆ ತೆರೆಯುತ್ತದೆ. ಊರು ಬಿಟ್ಟಿದ್ದವರೆಲ್ಲ ವಾಪಸು ಬಂದು ಮುಖ ನೋಡಿಕೊಳ್ಳುವ ವಾರ ಅದು. ಕೈಗಳು ಬೇಕಾದರೆ ಜನ ಇರುವ ದಿನವನ್ನೇ ಹಿಡಿಯಬೇಕು.

ಮೇಜಿನ ಮೇಲೆ ಕಂಡದ್ದು

ಅನೇಕ ಸಭೆಗಳು ಆರಿಸಿಕೊಳ್ಳುವ ಕೆಲಸ, ಲೂಥರನ್ ವರ್ಲ್ಡ್ ರಿಲೀಫ್ ಸಂಸ್ಥೆಗೆ ಸಾಮಾನು ಕಟ್ಟಿಕೊಡುವುದು. ಎರಡನೇ ಮಹಾಯುದ್ಧದಲ್ಲಿ ನೊಂದ ಯುರೋಪಿಗೆ ನೆರವಾಗಲು 1945ರಲ್ಲಿ ಹುಟ್ಟಿದ ಸಂಸ್ಥೆ ಇದು. ಶಾಲಾ ಚೀಲದಲ್ಲಿ ಏನಿರಬೇಕೆಂದು ಪಟ್ಟಿಯೇ ಇದೆ: ನೋಟ್‌ಬುಕ್ಕು, ಸ್ಕೇಲು, ಪೆನ್ಸಿಲು, ಪೆನ್ನು, ಮೆಂಡರು, ರಬ್ಬರು, ಬಣ್ಣದ ಬಳಪ, ಮೊಂಡು ತುದಿಯ ಕತ್ತರಿ. ಇನ್ನೊಂದು ಕಟ್ಟು ಮೈತೊಳೆಯುವ ಸಾಮಾನಿನದು: ಒಂದು ಟವಲು, ಎರಡು ಸೋಪು, ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಉಗುರು ಕತ್ತರಿಸುವ ಕಟರ್.

ಕೆಲಸ ಸರಳ ಎನಿಸುತ್ತದೆ. ಮೇಜಿನ ಸುತ್ತ ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ವಸ್ತು ಹಾಕುತ್ತ ಹೋಗುವುದು. ಆದರೆ ಕಟ್ಟುನಿಟ್ಟು ಇರುವುದೇ ಇಲ್ಲಿ. ಮನೆಯಲ್ಲಿ ಉಳಿದ ಅರ್ಧ ಬರೆದ ಪುಸ್ತಕ, ಮುರಿದ ಬಳಪ ತಂದು ಸೇರಿಸುವಂತಿಲ್ಲ. ಒಂದು ಚೀಲದಲ್ಲಿ ನಾಲ್ಕು ನೋಟ್‌ಬುಕ್ಕು, ಇನ್ನೊಂದರಲ್ಲಿ ಮೂರು ಎಂದಾಗುವಂತಿಲ್ಲ. ಅತ್ತ ಕಡೆ ನಿರಾಶ್ರಿತರ ಶಿಬಿರದಲ್ಲಿ ಇಬ್ಬರು ಮಕ್ಕಳು ಪಕ್ಕಪಕ್ಕದಲ್ಲಿ ಕೂತು ಚೀಲ ಬಿಚ್ಚುತ್ತಾರೆ. ಒಬ್ಬಳಿಗೆ ಕತ್ತರಿ ಸಿಕ್ಕಿ ಇನ್ನೊಬ್ಬಳಿಗೆ ಸಿಗದಿದ್ದರೆ ಅಲ್ಲಿ ನಮ್ಮ ಔದಾರ್ಯದ ಲೆಕ್ಕ ಯಾರಿಗೂ ಬೇಕಾಗಿರುವುದಿಲ್ಲ. ಕೊಡುವವರ ಮನಸ್ಸಿಗೆ ತೋಚಿದ್ದನ್ನಲ್ಲದೆ ಪಡೆಯುವವರಿಗೆ ಬೇಕಾದುದನ್ನು ಕೊಡಬೇಕೆಂಬ ಪಾಠವನ್ನು ಈ ಪಟ್ಟಿ ಎಂಟು ವರ್ಷದ ಮಗುವಿಗೂ ಕಲಿಸುತ್ತದೆ.

ಕೌದಿಗಳ ಕಥೆ ಇನ್ನೂ ಹಳೆಯದು. ಸುಮಾರು 60 ಇಂಚು ಅಗಲ, 80 ಇಂಚು ಉದ್ದ, ಮೂರು ಪದರ: ಮೇಲೆ ತುಂಡು ಬಟ್ಟೆ ಜೋಡಿಸಿದ್ದು, ನಡುವೆ ಹಳೆಯ ಕಂಬಳಿಯೋ ಹತ್ತಿಯ ಹಾಸೋ, ಕೆಳಗೊಂದು ಅಸ್ತರು. ಎಷ್ಟೋ ಕಡೆ ಪೂರ್ತಿ ಹೊಲಿಗೆ ಹಾಕುವುದಿಲ್ಲ. ಗೇಣಿಗೊಂದರಂತೆ ಗಟ್ಟಿ ದಾರ ಹಾಯಿಸಿ ಗಂಟು ಬಿಗಿಯುತ್ತಾರೆ, ಮೂರೂ ಪದರ ಕದಲದೆ ನಿಲ್ಲುತ್ತವೆ. ಸಭೆಯ ಹೆಂಗಸರು, ಹೆಚ್ಚಾಗಿ ವಯಸ್ಸಾದವರು, ವಾರ ವಾರ ಕೂಡಿ ವರ್ಷವಿಡೀ ಇದನ್ನು ಮಾಡುತ್ತಾರೆ. ಕಳಿಸುವ ಮೊದಲು ಒಂದು ಭಾನುವಾರ ಚರ್ಚಿನ ಬೆಂಚುಗಳ ಬೆನ್ನಿಗೆಲ್ಲ ಕೌದಿ ಹೊದಿಸಿ ಪ್ರಾರ್ಥನೆ ಮಾಡುವ ವಾಡಿಕೆ ಅನೇಕ ಕಡೆ ಇದೆ. ಆರಾಧನೆಗೆ ಬಂದವರು ಇನ್ನಾರೋ ಹೊದೆಯಲಿರುವ ಕೌದಿಗೆ ಒರಗಿ ಕೂರುತ್ತಾರೆ. ಸಿರಿಯಾದ ಯುದ್ಧದಲ್ಲಿ ಮನೆ ಬಿಟ್ಟು ಓಡಿದ ಕುಟುಂಬಗಳಿಗೂ ಇಂಥ ಕೌದಿಗಳು ತಲುಪಿವೆ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ ಯೊಪ್ಪ ಊರಿನ ದೊರ್ಕಳು ತೀರಿಕೊಂಡಾಗ, ವಿಧವೆಯರು ಅಳುತ್ತ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸುವುದು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು. ಅದನ್ನು ಓದಿದವರಿಗೆ ಈ ಹೆಂಗಸರು ಯಾರ ಮೊಮ್ಮಕ್ಕಳೆಂದು ಹೇಳಬೇಕಾಗಿಲ್ಲ.

ಸೇವಾ ಭಾನುವಾರದ ನಿಜವಾದ ಬಲ ಇರುವುದು ಇಲ್ಲೇ ಎಂದು ನನ್ನ ನಂಬಿಕೆ. ಕೌದಿಯ ಕೆಲಸ ಆ ದಿನಕ್ಕಾಗಿ ಹುಟ್ಟಿದ್ದಲ್ಲ. ವರ್ಷವಿಡೀ ಹತ್ತು ಹೆಂಗಸರು ಸದ್ದಿಲ್ಲದೆ ಮಾಡುತ್ತಿದ್ದುದಕ್ಕೆ ಆ ಒಂದು ದಿನ ಇಡೀ ಸಭೆ ಬಂದು ಕೈ ಹಚ್ಚುತ್ತದೆ, ಮಕ್ಕಳು ಗಂಟು ಹಾಕಲು ಕಲಿಯುತ್ತಾರೆ. ಮರುವಾರ ಹತ್ತರ ಗುಂಪಿಗೆ ಇಬ್ಬರು ಸೇರಿಕೊಂಡರೂ ಹಬ್ಬ ಸಾರ್ಥಕ.

ಒಂದೇ ದಿನದ ತೊಡಕು

ಎಲ್ಲ ಕೆಲಸವೂ ಹೀಗೆ ಬೇರು ಬಿಟ್ಟದ್ದಲ್ಲ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಂತೆ ಅದೇ 2013ರಲ್ಲಿ ದೇಶದ 14.3 ಶೇಕಡ ಮನೆಗಳಿಗೆ ವರ್ಷದ ಯಾವುದೋ ಹೊತ್ತಿನಲ್ಲಿ ಊಟದ ಖಾತರಿ ಇರಲಿಲ್ಲ. ಆ ಮನೆಗಳಲ್ಲಿದ್ದವರು 4.9 ಕೋಟಿ ಜನ. ಈ ಹಸಿವು ಸೆಪ್ಟೆಂಬರ್‌ನ ಒಂದು ಭಾನುವಾರ ಬಂದು ಹೋಗುವಂಥದ್ದಲ್ಲ. ದಿನಸಿ ಹಂಚುವ ಕೇಂದ್ರದವರಿಗೆ ಜನ ಬೇಕಾಗುವುದು ಹಿಮ ಬೀಳುವ ಫೆಬ್ರವರಿಯ ಮಂಗಳವಾರ ಮಧ್ಯಾಹ್ನ. ನಲವತ್ತು ಮಂದಿ ಒಟ್ಟಿಗೆ ಬಂದು ನಿಂತರೆ, ಯಾವ ಡಬ್ಬಿ ಎಲ್ಲಿಡಬೇಕು, ಅವಧಿ ಮುಗಿದದ್ದನ್ನು ಹೇಗೆ ಬೇರ್ಪಡಿಸಬೇಕು ಎಂದು ಕಲಿಸುವುದರಲ್ಲೇ ಅಲ್ಲಿನ ಒಬ್ಬಿಬ್ಬರು ಸಿಬ್ಬಂದಿಯ ಅರ್ಧ ದಿನ ಹೋಗುತ್ತದೆ. ಮುಂದಿನ ವಾರ ಆ ನಲವತ್ತರಲ್ಲಿ ಯಾರೂ ಬರದಿದ್ದರೆ ಕಲಿಸಿದ್ದು ವ್ಯರ್ಥ.

ಪಾರ್ಕು ಗುಡಿಸುವುದರಲ್ಲೂ ಇದೇ ಪ್ರಶ್ನೆ. ಅದನ್ನು ಮಾಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಸಭೆಗೆ ಮಾಡಲು ಸುಲಭ, ಫೋಟೋಗೆ ಚೆಂದ ಎಂಬ ಕಾರಣಕ್ಕೆ ಕೆಲಸ ಆರಿಸುವುದು ಬೇರೆ, ಊರಿನವರನ್ನು ಕೇಳಿ ಆರಿಸುವುದು ಬೇರೆ. ಲೈಸ್ನಿಗ್‌ನ ಪೆಟ್ಟಿಗೆಯ ಒಂದು ಬೀಗದ ಕೈ ರೈತರ ಬಳಿ ಇತ್ತು. ಸೇವಾ ಭಾನುವಾರದ ಸಮಿತಿಯಲ್ಲಿ ಚರ್ಚಿನ ಸದಸ್ಯರಲ್ಲದವರು, ನೆರವು ಪಡೆಯುವವರು ಕೂರದಿದ್ದರೆ ಒಂದು ಬೀಗ ಕಡಿಮೆಯಾದಂತೆಯೇ ಸರಿ.

ಹಳದಿ ಅಂಗಿ

ಈ ದಿನದ ಗುರುತಾಗಿ ಬೆಳೆದದ್ದು ಗಾಢ ಹಳದಿ ಬಣ್ಣದ ಟೀ-ಶರ್ಟ್, ಮೇಲೆ ದಿನದ ಹೆಸರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯ ಹೇಳುತ್ತದೆ. ಜನ ನಿಮ್ಮ ಒಳ್ಳೆಯ ಕ್ರಿಯೆಗಳನ್ನು ನೋಡುವಂತೆ ನಿಮ್ಮ ಬೆಳಕು ಪ್ರಕಾಶಿಸಲಿ ಎಂದು ಐದನೇ ಅಧ್ಯಾಯ ಹೇಳುತ್ತದೆ. ಎರಡೂ ಯೇಸು ಬೆಟ್ಟದ ಮೇಲೆ ಮಾಡಿದ ಒಂದೇ ಪ್ರಸಂಗದ ಮಾತುಗಳು, ಒಂದನ್ನು ಹಿಡಿದು ಇನ್ನೊಂದನ್ನು ಬಿಡಲಾಗದು. ನನ್ನ ಅಭಿಪ್ರಾಯ ಇಷ್ಟು: ರಸ್ತೆ ಬದಿಯಲ್ಲಿ, ನದಿ ದಂಡೆಯಲ್ಲಿ ಕಸ ಹೆಕ್ಕುವಾಗ ಹಳದಿ ಅಂಗಿ ಇರಲಿ, ನೋಡಿದ ಇನ್ನಿಬ್ಬರಿಗೆ ಸೇರುವ ಮನಸ್ಸಾಗಲಿ. ದಿನಸಿಗಾಗಿ ಸಾಲಿನಲ್ಲಿ ನಿಂತ ತಾಯಿಯ ಎದುರು ಆ ಅಂಗಿ ಬೇಡ, ಕ್ಯಾಮೆರಾ ಅಂತೂ ಬೇಡವೇ ಬೇಡ. ಅವಳ ಬಡತನ ನಮ್ಮ ಹಬ್ಬದ ಆಲ್ಬಮ್ಮಿಗೆ ಸೇರಬೇಕಾದುದಲ್ಲ.

ಆರಾಧನೆಯನ್ನೇ ಬಿಟ್ಟು ಕೆಲಸಕ್ಕೆ ಹೋಗುವುದೇ, ಆರಾಧಿಸಿ ಹೋಗುವುದೇ ಎಂಬ ಚರ್ಚೆಯೂ ಸಹಜ. ಹೆಚ್ಚಿನವರು ಆರಾಧಿಸಿಯೇ ಹೋಗುತ್ತಾರೆ, ಅದೇ ಸರಿ. ಲೂಥರನ್ ಆರಾಧನೆ ಮುಗಿಯುವುದೇ ‘ಸಮಾಧಾನದಿಂದ ಹೋಗಿರಿ, ಕರ್ತನ ಸೇವೆ ಮಾಡಿರಿ’ ಎಂಬ ಕಳುಹಿಸುವ ಮಾತಿನಿಂದ. ಜನ ‘ದೇವರಿಗೆ ಸ್ತೋತ್ರ’ ಎನ್ನುತ್ತಾರೆ. ಆ ಮಾತು ಕೇಳಿದ ಕಾಲು ಗಂಟೆಗೆ ಕೈಯಲ್ಲಿ ಸುತ್ತಿಗೆ ಇದ್ದರೆ ಆರಾಧನೆಗೂ ಕೆಲಸಕ್ಕೂ ಗೆರೆ ಎಳೆಯುವ ಅಗತ್ಯ ಬೀಳುವುದಿಲ್ಲ.

ಆಮೇಲೆ

ಒಂದು ವರ್ಷದ ಹಬ್ಬಕ್ಕೆಂದು ಶುರುವಾದ ದಿನ 2014ರಲ್ಲೂ ಬಂತು, ಆಮೇಲೆ ಪ್ರತಿ ಸೆಪ್ಟೆಂಬರ್‌ನಲ್ಲೂ ಬರುತ್ತಿದೆ. 2016ರಲ್ಲಿ ಅದು ಸೆಪ್ಟೆಂಬರ್ 11ಕ್ಕೆ, ಅವಳಿ ಗೋಪುರಗಳ ಮೇಲಿನ ದಾಳಿಗೆ 15 ವರ್ಷ ತುಂಬಿದ ದಿನಕ್ಕೇ ಬಿತ್ತು. ಹೊಸದಾಗಿ ಸಭೆ ಸೇರಿದವರಿಗೆ ಇದು ರಜತ ಮಹೋತ್ಸವದ ಕೂಸು ಎಂದು ಯಾರಾದರೂ ಹೇಳಿಯೇ ತಿಳಿಯಬೇಕು.

ಸದಸ್ಯರ ಇಳಿತ ಮಾತ್ರ ನಿಂತಿಲ್ಲ. 2022ರ ಹೊತ್ತಿಗೆ ಸಂಖ್ಯೆ 30 ಲಕ್ಷದ ಕೆಳಗೆ ಬಂತು. ಸೇವೆ ಮಾಡಿದರೆ ಜನ ಚರ್ಚಿಗೆ ಹರಿದು ಬರುತ್ತಾರೆ ಎಂಬ ಲೆಕ್ಕದಿಂದ ಯಾವುದಾದರೂ ಸಭೆ ತನ್ನ ವಾರ್ಷಿಕೋತ್ಸವವನ್ನು ಹೀಗೆ ಯೋಜಿಸಿದರೆ ಈ ಅಂಕಿ ಅವರ ಕಣ್ಣ ಮುಂದಿರಲಿ. ನೆರೆಯವನನ್ನು ಸದಸ್ಯತ್ವದ ಅರ್ಜಿಯಾಗಿ ನೋಡಿದರೆ ಅವನಿಗೆ ಮೊದಲ ದಿನವೇ ಗೊತ್ತಾಗುತ್ತದೆ.

ಹಬ್ಬ ಯೋಜಿಸುವ ಸಮಿತಿಗಳು ಇಲ್ಲಿಂದ ಏನನ್ನಾದರೂ ತೆಗೆದುಕೊಳ್ಳುವುದಿದ್ದರೆ ನಾನು ಕೆಲಸದ ಕ್ರಮವನ್ನು ತೋರಿಸುತ್ತೇನೆ. ಆರು ತಿಂಗಳ ಮೊದಲೇ ಊರಿನಲ್ಲಿ ವರ್ಷವಿಡೀ ದುಡಿಯುತ್ತಿರುವವರ ಬಳಿ ಹೋಗಿ ಯಾವ ತಿಂಗಳು, ಯಾವ ವಾರ, ಎಷ್ಟು ಜನ ಸಾಲದಾಗುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು. ಹಬ್ಬದ ದಿನದ ಕೆಲಸವನ್ನು ಆ ಪಟ್ಟಿಯಿಂದಲೇ ಆರಿಸಬೇಕು. ಆ ಸಂಜೆ ಎಲ್ಲರೂ ಚದುರುವ ಮೊದಲು ಉಳಿದ ತಿಂಗಳುಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಪ್ರತಿಯೊಂದರ ಎದುರು ಯಾರು ಬರುತ್ತೀರಿ ಎಂದು ಹೆಸರು ಬರೆಸಿಕೊಳ್ಳಬೇಕು. ಮೊಟ್ಟಮೊದಲು ಫೆಬ್ರವರಿಯ ಮಂಗಳವಾರದ ಎದುರು.